ಗಲ್ಲಾದ ಮೇಲೆ ಕೂತವರ ಕಿವಿ

(ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಅಂದರೆ ವಚನ ಸಾಹಿತ್ಯ, ತತ್ವಪದ, ಹೈದರಾಬಾದ್ ಕರ್ನಾಟಕದ ವಿಮೋಚನೆ ಇವೇ ನಮ್ಮ ಕಲಬುರಗಿಯ ವಾಡಿಕೆ. ಈ ಸಲ ಸಂಘಟಕರು ವ್ಯಾಪಾರದ ಮಾತಾಡಿರಿ ಎಂದರು. ಬಜಾರದ ನಡುವೆ ನಿಂತು ವ್ಯಾಪಾರದ ಮಾತಾಡಲು ಸಂಕೋಚವೇನೂ ಇಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ಯೂಟ್ಯೂಬುಗಳಲ್ಲಿ ಗಿರಾಕಿಗಳು ಆಡುವ ಮಾತನ್ನು ಬ್ರ್ಯಾಂಡುಗಳು ಹೇಗೆ ಕೇಳಿಸಿಕೊಳ್ಳಬೇಕು, ಹೇಗೆ ಮಾತು ಬೆಳೆಸಬೇಕು ಎಂಬುದು ಇಂದಿನ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿಸಿಕೊಳ್ಳುವವನ ಕೈಯಲ್ಲಿ ಏನನ್ನಾದರೂ ಬದಲಿಸುವ ಅಧಿಕಾರ ಇರಬೇಕು. ಅದಿಲ್ಲದೆ ಎಷ್ಟು ದುಬಾರಿ ತಂತ್ರಾಂಶ ಕೊಂಡರೂ, ಎಷ್ಟು ನಯವಾಗಿ ಉತ್ತರ ಬರೆದರೂ ಗಿರಾಕಿಯ ಪಾಲಿಗೆ ಅಂಗಡಿ ಮುಚ್ಚಿದಂತೆಯೇ.

ಈ ಬಜಾರದ ಕಿರಾಣಿ ಅಂಗಡಿಯನ್ನೇ ನೋಡಿರಿ. "ಹೋದ ಸಲದ ಬ್ಯಾಳಿ ಕುದೀಲೇ ಇಲ್ಲ ನೋಡ್ರಿ ಸಾವಕಾರ್ರ" ಎಂದು ಹೆಣ್ಣುಮಗಳೊಬ್ಬಳು ಅಂದರೆ, ಗಲ್ಲಾದ ಮೇಲೆ ಕೂತವನು ಆಳಿನ ಕಡೆ ತಿರುಗಿ ಅದು ಯಾವ ಚೀಲದ್ದು ಎಂದು ಕೇಳುತ್ತಾನೆ. ಬೇರೆ ಚೀಲ ಬಿಚ್ಚಿಸಿ ತೂಗಿಸುತ್ತಾನೆ. ಹಳೆಯ ಗಿರಾಕಿಯಾಗಿದ್ದರೆ ಬೊಗಸೆ ಹೆಚ್ಚೇ ಹಾಕಿಸಿಯಾನು. ಮರುದಿನ ಗಂಜ್ ಮಾರುಕಟ್ಟೆಯ ಅಡತಿಗೆ ಫೋನು ಹೋಗುತ್ತದೆ: "ಅಂಥಾ ಮಾಲು ಮತ್ತ ಕಳಸಬ್ಯಾಡ್ರಿ." ದೂರು, ವಿಚಾರಣೆ, ಪರಿಹಾರ ಮೂರೂ ಒಂದೇ ಗಾದಿಯ ಮೇಲೆ ಮುಗಿದವು.

ಕಂಪನಿ ದೊಡ್ಡದಾದಂತೆ ಈ ಮೂರೂ ಬೇರೆ ಬೇರೆ ಊರು ಸೇರುತ್ತವೆ. ಕಲಬುರಗಿಯ ಗಿರಾಕಿ ಇನ್‌ಸ್ಟಾಗ್ರಾಂನಲ್ಲಿ ಬರೆದದ್ದನ್ನು ಬೆಂಗಳೂರಿನಲ್ಲೋ ಗುರುಗ್ರಾಮದಲ್ಲೋ ಏಜೆನ್ಸಿಯೊಂದರ ಹುಡುಗ ಓದುತ್ತಾನೆ. ಅವನಿಗೆ ಕೊಟ್ಟ ಕೆಲಸ ಒಂದೇ, ತೊಂದರೆಗೆ ವಿಷಾದಿಸಿ "ದಯವಿಟ್ಟು ನಮಗೆ ಮೆಸೇಜ್ ಮಾಡಿ" ಎಂದು ಬರೆಯುವುದು. ಮಾಲು ಆರಿಸುವವನು ಇನ್ನೆಲ್ಲೋ ಗೋದಾಮಿನಲ್ಲಿದ್ದಾನೆ. ಆ ಮಾತು ಅವನವರೆಗೆ ಹೋಗುವುದೇ ಇಲ್ಲ. ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಕಿವಿ ಕೊಟ್ಟಿದ್ದಾರೆ, ಕೈ ಕೊಟ್ಟಿಲ್ಲ.

ಈ ಮಾತಿಗೆ ಜಗತ್ತಿನಲ್ಲೇ ಹೆಸರಾದ ಪ್ರಸಂಗವೊಂದಿದೆ. ಕೆನಡಾದ ಹಾಡುಗಾರ ಡೇವ್ ಕ್ಯಾರೊಲ್ 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಹೋಗುವಾಗ ಶಿಕಾಗೊ ನಿಲ್ದಾಣದಲ್ಲಿ ಅವನ ಗಿಟಾರು ಮುರಿಯಿತು. ತಿಂಗಳುಗಟ್ಟಲೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದ. ಕೊನೆಗೆ ಸಿಕ್ಕ ಉತ್ತರ "ಆಗುವುದಿಲ್ಲ". 2009ರ ಜುಲೈನಲ್ಲಿ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದ. ಲಕ್ಷಗಟ್ಟಲೆ ಜನ ನೋಡಿದ ಮೇಲೆ ಕಂಪನಿ ಓಡೋಡಿ ಬಂತು. ಅವನ ಜೊತೆ ಮಾತಾಡಿದ ನೌಕರರೆಲ್ಲ ನಿಯಮ ಪಾಲಿಸಿದವರೇ. ನಿಯಮ ಮೀರಿ "ಸರಿ, ಕೊಡೋಣ" ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ರಿಪೇರಿಗೆಂದು ಅವನು ಕೇಳಿದ್ದು 1,200 ಡಾಲರ್ ಮಾತ್ರ.

ನಮ್ಮ ದೇಶದ್ದು ಮ್ಯಾಗಿಯ ಕತೆ. 2015ರಲ್ಲಿ ಸೀಸದ ಅಂಶದ ಸುದ್ದಿ ಹಬ್ಬಿದಾಗ ತಾಯಂದಿರು ಟ್ವಿಟ್ಟರಿನಲ್ಲಿ ಗಾಬರಿಯಿಂದ ಕೇಳುತ್ತಿದ್ದರು, ಮಕ್ಕಳಿಗೆ ಕೊಡಬೇಕೋ ಬೇಡವೋ ಎಂದು. ನೆಸ್ಲೆಯ ಖಾತೆಯಿಂದ ಎಲ್ಲರಿಗೂ ಅಚ್ಚು ಹಾಕಿದಂಥ ಒಂದೇ ಉತ್ತರ ಹೋಗುತ್ತಿತ್ತು. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಿತು. ಕಂಪನಿಯ ಜಾಗತಿಕ ಮುಖ್ಯಸ್ಥರು ದಿಲ್ಲಿಗೆ ಬಂದು ಪತ್ರಕರ್ತರ ಮುಂದೆ ಕೂತದ್ದೂ ಅದೇ ದಿನ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು, ನವೆಂಬರಿನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ಕೋರ್ಟಿನಲ್ಲಿ ಗೆದ್ದ ಕಂಪನಿ ಆ ಮೊದಲ ವಾರಗಳಲ್ಲಿ ಅಡುಗೆಮನೆಯಲ್ಲಿ ಸೋತಿತ್ತು.

ಇನ್ನು ಕನ್ನಡ ನಾಡಿಗೆ ಬರೋಣ. ಇಲ್ಲಿ ಹಾಲಿಗಿಂತ ದೊಡ್ಡ ಉದಾಹರಣೆ ಇಲ್ಲ.

2023ರ ಏಪ್ರಿಲ್ 5ರಂದು ಅಮೂಲ್ ಒಂದು ಪುಟ್ಟ ಟ್ವೀಟ್ ಹಾಕಿತು. ತಾಜಾ ಹಾಲು, ಮೊಸರು ಬೆಂಗಳೂರಿಗೆ ಬರಲಿದೆ ಎಂಬಷ್ಟೇ ಅದರ ತಾತ್ಪರ್ಯ. ಅದರ ಬೆನ್ನಿಗೇ 'ಗೋ ಬ್ಯಾಕ್ ಅಮೂಲ್', 'ಸೇವ್ ನಂದಿನಿ' ಎಂಬ ಹ್ಯಾಷ್‌ಟ್ಯಾಗುಗಳು ಎದ್ದವು. ಬೃಹತ್ ಬೆಂಗಳೂರು ಹೋಟೆಲುಗಳ ಸಂಘ ತಾನು ನಂದಿನಿಯನ್ನೇ ಬಳಸುವುದಾಗಿ ಹೇಳಿತು. ರಾಜಕೀಯ ಪಕ್ಷಗಳು ಹಾಲಿನ ಪ್ಯಾಕೆಟ್ ಹಿಡಿದು ಬೀದಿಗಿಳಿದವು. ಅಮೂಲ್‌ನ ಮುಖ್ಯಸ್ಥರು, ನಾವು ಆನ್‌ಲೈನಿನಲ್ಲಿ ಮಾತ್ರ ಮಾರುತ್ತೇವೆ, ನಂದಿನಿಯೊಂದಿಗೆ ನಮಗೆ ಪೈಪೋಟಿ ಇಲ್ಲ ಎಂದು ಸಮಜಾಯಿಷಿ ಕೊಡಬೇಕಾಯಿತು.

ಇದರಲ್ಲಿ ನನಗೆ ಬೆರಗು ಹುಟ್ಟಿಸುವುದು ಬೇರೆಯೇ ಸಂಗತಿ. ದೇಶದ ಹರಟೆಗೆ ಕಿವಿಗೊಡುವುದರಲ್ಲಿ ಅಮೂಲ್‌ನಷ್ಟು ಪಳಗಿದ ಬ್ರ್ಯಾಂಡ್ ಇನ್ನೊಂದಿಲ್ಲ. ಅದರ ಜಾಹೀರಾತಿನ ಚುಕ್ಕೆ ಲಂಗದ ಹುಡುಗಿ 1966ರಿಂದ ಕ್ರಿಕೆಟ್ಟು, ಸಿನಿಮಾ, ಚುನಾವಣೆ ಎಲ್ಲದರ ಬಗ್ಗೆ ಚಟಾಕಿ ಹಾರಿಸುತ್ತ ಬಂದಿದ್ದಾಳೆ. ಅಂಥವರಿಗೆ ಬೆಂಗಳೂರಿನ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ತಿಳಿಯಲಿಲ್ಲವೇ? ಗುಟ್ಟೇನೂ ಇರಲಿಲ್ಲ. 2022ರ ಡಿಸೆಂಬರ್ 30ರಂದು ಕೇಂದ್ರ ಸಹಕಾರ ಸಚಿವ ಅಮಿತ್ ಶಾ ಮಂಡ್ಯದಲ್ಲಿ ಅಮೂಲ್ ಮತ್ತು ನಂದಿನಿ ಕೂಡಿ ಕೆಲಸ ಮಾಡಬೇಕೆಂದಾಗಲೇ ವಿಲೀನದ ಗುಮಾನಿ ಎದ್ದಿತ್ತು. 2023ರ ಮಾರ್ಚಿನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ 'ದಹಿ' ಎಂದು ಬರೆದು, 'ಮೊಸರು' ಎಂಬುದನ್ನು ಆವರಣದಲ್ಲಿ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದಕ್ಕೆ ಜನ ಸಿಟ್ಟಾಗಿದ್ದರು. ನಂದಿನಿ ಹಾಲಿನ ಕೊರತೆಯ ಸುದ್ದಿ ದಿನವೂ ಬರುತ್ತಿತ್ತು. ಮೇ 10ಕ್ಕೆ ವಿಧಾನಸಭೆ ಚುನಾವಣೆ. ಇಷ್ಟರ ಮೇಲೆ ಟ್ವೀಟ್ ಬಿತ್ತು. ಹುಬ್ಬಳ್ಳಿ, ಬೆಳಗಾವಿ ಕಡೆ ಅಮೂಲ್ ಹಾಲು ಅದಕ್ಕೂ ವರ್ಷಗಳ ಮುಂಚೆಯೇ ಸದ್ದಿಲ್ಲದೆ ಮಾರಾಟವಾಗುತ್ತಿತ್ತು, ಯಾರೂ ಹರತಾಳ ಮಾಡಿರಲಿಲ್ಲ. ಹಾಲು ಅದೇ. ಹೊತ್ತು ಮಾತ್ರ ಬೇರೆ. ತನ್ನ ಹೆಸರನ್ನು ಯಾರು ಎಷ್ಟು ಸಲ ಉಚ್ಚರಿಸಿದರು ಎಂದು ಎಣಿಸುವ ಬ್ರ್ಯಾಂಡಿಗೆ ಇದು ಕಾಣುವುದಿಲ್ಲ. ಆ ಮಾರ್ಚ್ ತಿಂಗಳಲ್ಲಿ ಜನ ಮಾತಾಡುತ್ತಿದ್ದದ್ದು ಅಮೂಲ್ ಬಗ್ಗೆಯಲ್ಲ, ಮೊಸರಿನ ಬಗ್ಗೆ, ಭಾಷೆಯ ಬಗ್ಗೆ, ತಮ್ಮ ಊರಿನ ಡೇರಿಯ ಬಗ್ಗೆ. ತನ್ನ ಹೆಸರಿಲ್ಲದ ಮಾತನ್ನೂ ಕೇಳಿಸಿಕೊಳ್ಳಬೇಕೆಂಬ ಪಾಠ ಅದರಲ್ಲಿತ್ತು.

'ದಹಿ' ಆದೇಶವನ್ನು ಪ್ರಾಧಿಕಾರ ಮಾರ್ಚ್ 30ಕ್ಕೇ ಸಡಿಲಿಸಿತು. ತಮಿಳುನಾಡಿನ ಮುಖ್ಯಮಂತ್ರಿ ಹಿಂದಿನ ದಿನವಷ್ಟೇ ದನಿ ಎತ್ತಿದ್ದರು, ಇಲ್ಲಿ ಕನ್ನಡ ಸಂಘಟನೆಗಳೂ ಎದ್ದಿದ್ದವು. ಕೇಳಿಸಿಕೊಂಡವರ ಕೈಯಲ್ಲಿ ಅಧಿಕಾರವಿತ್ತು, ಆದ್ದರಿಂದ ಕೆಲಸ ಬೇಗ ಆಯಿತು. 2017ರಲ್ಲಿ ನಮ್ಮ ಮೆಟ್ರೊದ ಹಿಂದಿ ಫಲಕಗಳ ವಿರುದ್ಧ ಎದ್ದ 'ನಮ್ಮ ಮೆಟ್ರೊ ಹಿಂದಿ ಬೇಡ' ಅಭಿಯಾನದ ಕತೆಯೂ ಇದೇ. ಹ್ಯಾಷ್‌ಟ್ಯಾಗ್ ಎದ್ದದ್ದು ಜೂನ್‌ನಲ್ಲಿ. ಫಲಕ ಬದಲಾದದ್ದು ಮುಖ್ಯಮಂತ್ರಿ ಕೇಂದ್ರಕ್ಕೆ ಪತ್ರ ಬರೆದ ಮೇಲೆ. ನಡುವೆ ಮೆಟ್ರೊ ನಿಗಮದ ಖಾತೆ ಕೊಟ್ಟ ಉತ್ತರಗಳು ಯಾರಿಗೂ ನೆನಪಿಲ್ಲ. ಬ್ಯಾಂಕು, ವಿಮಾನ, ಎಟಿಎಂಗಳಲ್ಲಿ ಕನ್ನಡಕ್ಕಾಗಿ ಕನ್ನಡ ಗ್ರಾಹಕರ ಕೂಟದವರು ವರ್ಷಗಟ್ಟಲೆ ಟ್ವಿಟ್ಟರಿನಲ್ಲಿ ಹೋರಾಡಿದ್ದಾರೆ. ಅದನ್ನು ಭಾಷಾಭಿಮಾನದ ಗದ್ದಲವೆಂದು ತಳ್ಳಿಹಾಕಿದ ಕಂಪನಿಗಳಿಗೆ ಸಿಕ್ಕದ್ದು ಬಿಟ್ಟಿ ಮಾರುಕಟ್ಟೆ ಸಮೀಕ್ಷೆ, ಅವು ಅದನ್ನು ಓದಲಿಲ್ಲ.

ಹಾಗಾದರೆ ಜನ ಕೂಗಿದ್ದಕ್ಕೆಲ್ಲ ಬ್ರ್ಯಾಂಡ್ ತಲೆಬಾಗಬೇಕೇ? ಇಲ್ಲ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದಾಗ ಕನ್ನಡದ ನಟಿಯರು ಸಿಗಲಿಲ್ಲವೇ ಎಂಬ ಪ್ರಶ್ನೆ ಎಲ್ಲ ಕಡೆ ಎದ್ದಿತು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಸೋಪು ಅದು. ಜನರಿಗೆ ಅದರ ಮೇಲೆ ಹಕ್ಕಿದೆ ಎನ್ನಿಸುವುದು ಸಹಜ. ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ತಾವೇ ಎಕ್ಸ್‌ನಲ್ಲಿ ಉತ್ತರ ಕೊಟ್ಟರು: ಕರ್ನಾಟಕದ ಹೊರಗಿನ ಮಾರುಕಟ್ಟೆ ಹಿಡಿಯಬೇಕಾಗಿದೆ, 2028ರೊಳಗೆ ವಾರ್ಷಿಕ ವಹಿವಾಟು 5,000 ಕೋಟಿ ಮುಟ್ಟಿಸುವ ಗುರಿ ಇದೆ ಎಂದು. ಬಹಳ ಜನರಿಗೆ ಆ ಉತ್ತರ ಹಿಡಿಸಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೂ ಅದನ್ನು ಒಳ್ಳೆಯ ಉದಾಹರಣೆಯೆಂದೇ ಎಣಿಸುತ್ತೇನೆ. ಉತ್ತರ ಬಂದದ್ದು ತೀರ್ಮಾನದ ಹೊಣೆ ಹೊತ್ತವರಿಂದ, ಅವರದೇ ಹೆಸರಿನಲ್ಲಿ, ಕಾರಣದ ಸಮೇತ. "ಇಲ್ಲ" ಎನ್ನುವುದೂ ಉತ್ತರವೇ.

ಇನ್ನೊಂದು ಕಡೆ, 2020ರ ಅಕ್ಟೋಬರಿನಲ್ಲಿ ತನಿಷ್ಕ್ ಒಡವೆಯ ಜಾಹೀರಾತೊಂದರ ಮೇಲೆ ದಾಳಿ ನಡೆಯಿತು. ಅಂತರ್ಧರ್ಮೀಯ ಕುಟುಂಬದ ಸೀಮಂತವನ್ನು ತೋರಿಸಿದ ಆ ಜಾಹೀರಾತನ್ನು ಕಂಪನಿ ತನ್ನ ಸಿಬ್ಬಂದಿಯ ಸುರಕ್ಷತೆಯ ಮಾತು ಹೇಳಿ ಹಿಂತೆಗೆದುಕೊಂಡಿತು. ಬಂದೇ ನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಒಂದೇ ಬಜಾರದಿಂದ ಸಾಮಾನು ಕೊಳ್ಳುವ ಊರಿನವನಾಗಿ ನನಗದು ಬೇಸರ ತಂದ ಸಂಗತಿ. ಅಂದು ಕೂಗಿದವರಲ್ಲಿ ತನಿಷ್ಕ್ ಗಿರಾಕಿಗಳು ಎಷ್ಟಿದ್ದರೋ. ಜಾಲತಾಣದ ಗದ್ದಲವೆಲ್ಲ ಗಿರಾಕಿಯ ದನಿಯಲ್ಲ. ಬೆಳಿಗ್ಗೆ ಆರಕ್ಕೆ ಹಾಲಿನ ಪ್ಯಾಕೆಟ್ ಕೊಳ್ಳಲು ಬರುವ ನಮ್ಮ ಓಣಿಯ ಅಜ್ಜಿಗೆ ಎಕ್ಸ್ ಖಾತೆ ಇಲ್ಲ, ಆದರೆ ಹಾಲು ನೀರಾಗಿದ್ದರೆ ಮೊದಲು ಗೊತ್ತಾಗುವುದು ಅವಳಿಗೇ. ಅವಳ ಮಾತು ಕಂಪನಿಗೆ ಮುಟ್ಟಬೇಕಾದರೆ ಪ್ಯಾಕೆಟ್ ಮಾರುವ ಹುಡುಗನನ್ನು ಕೇಳಬೇಕು.

ಈಗ ಕಂಪನಿಗಳು ಕೇಳಿಸಿಕೊಳ್ಳುವ ಕೆಲಸವನ್ನು ಯಂತ್ರಕ್ಕೆ ವಹಿಸಿವೆ. ತಂತ್ರಾಂಶವೊಂದು ಲಕ್ಷ ಮಾತುಗಳನ್ನು ಓದಿ ಇಷ್ಟು ಹೊಗಳಿಕೆ, ಇಷ್ಟು ತೆಗಳಿಕೆ ಎಂದು ಬಣ್ಣದ ಚಿತ್ರ ಬರೆದು ಕೊಡುತ್ತದೆ. ಈ ಚಿತ್ರಗಳ ಮೇಲೆ ನನಗೆ ಗೌರವ ಕಡಿಮೆ. ನಮ್ಮ ಜನ ಬರೆಯುವುದು ಕನ್ನಡದಲ್ಲಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುನಡುವೆ ದಖನಿ ಉರ್ದು, ಬೀದರ್ ಕಡೆಯ ಮರಾಠಿ, ಸೇಡಂ ಕಡೆಯ ತೆಲುಗು ಸೇರಿಸಿ. ಇಂಥ ಬೆರಕೆ ಕನ್ನಡವನ್ನು ಯಂತ್ರಕ್ಕೆ ಕಲಿಸಲು 2020ರಲ್ಲಿ ಸಂಶೋಧಕರು ಯೂಟ್ಯೂಬಿನಿಂದ ಆಯ್ದು ಗುರುತು ಹಾಕಿದ ಮಾತುಗಳು ಏಳು ಸಾವಿರದ ಚಿಲ್ಲರೆ. ಇಂಗ್ಲಿಷಿನಲ್ಲಿ ಇಂಥವು ಲಕ್ಷಗಟ್ಟಲೆ ಇವೆ. "ರೊಟ್ಟಿ ಕೇಳಿದ್ರ ಹಿಟ್ಟು ಕಳಸೀರಿ, ಭಾಳ ಛಲೋ ಆತು ಬಿಡ್ರಿ" ಎಂದು ಒಬ್ಬ ಗಿರಾಕಿ ಬರೆದರೆ, 'ಛಲೋ' ಕಂಡ ಯಂತ್ರ ಅದನ್ನು ಹೊಗಳಿಕೆಯ ಲೆಕ್ಕಕ್ಕೆ ಹಾಕೀತು. ಕಲಬುರಗಿಯವರಿಗಾದರೋ ರೊಟ್ಟಿ ದಾರಿಯಲ್ಲಿ ಮುರಿದು ಪುಡಿಯಾಗಿದೆ ಎಂಬುದು ಓದುತ್ತಲೇ ತಿಳಿಯುತ್ತದೆ. ಈ ಭಾಗದ ಗಿರಾಕಿಯ ಮಾತು ತಿಳಿಯಬೇಕಾದರೆ ಈ ಭಾಗದ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಿರಿ. ನಮ್ಮ ಡಿಗ್ರಿ ಕಾಲೇಜುಗಳಿಂದ ಹೊರಬೀಳುವ ಮಕ್ಕಳಿಗೆ ಇದೊಂದು ನೌಕರಿಯೂ ಆದೀತು.

ರೊಟ್ಟಿಯ ಮಾತು ಬಂತು. ಜಿಲ್ಲೆಯ ಹೆಣ್ಣುಮಕ್ಕಳು ಜೋಳದ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡ್ ಮಾಡಿದ್ದಾರೆ. 2025ರ ಜೂನ್ 29ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಇದನ್ನು ಹೆಸರಿಸಿದರು: ಸಹಕಾರ ಸಂಘದಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ, ಬೆಂಗಳೂರಿನಲ್ಲಿ ಕೌಂಟರ್, ಆನ್‌ಲೈನಿನಲ್ಲಿ ಆರ್ಡರ್. ದೇಶಕ್ಕೆಲ್ಲ ಹೆಸರು ಕೇಳಿಸಿದ್ದಾಯಿತು, ಇನ್ನು ದೇಶದ ಮಾತು ಇವರಿಗೆ ಕೇಳಿಸಬೇಕು. ದೊಡ್ಡ ಕಂಪನಿಗಳಿಗೆ ಇಲ್ಲದ ಒಂದು ಅನುಕೂಲ ಈ ತಾಯಂದಿರಿಗಿದೆ. ರೊಟ್ಟಿ ಬಡಿಯುವವರೇ ಮಾಲೀಕರು. ಗಿರಾಕಿ ಕಳಿಸಿದ ಮುರಿದ ರೊಟ್ಟಿಯ ಫೋಟೊ ನೇರವಾಗಿ ಅವರ ಮೊಬೈಲಿಗೆ ಬಂದರೆ, ಮರುದಿನ ಕಟ್ಟುವ ಡಬ್ಬಿ ಬದಲಾಗುತ್ತದೆ. ಇದನ್ನು ಕೆಡಿಸಲು ಒಂದೇ ದಾರಿ, ಉತ್ತರಿಸುವ ಕೆಲಸವನ್ನು ಯಾವುದೋ ಏಜೆನ್ಸಿಗೆ ಗುತ್ತಿಗೆ ಕೊಡುವುದು. ದಯವಿಟ್ಟು ಕೊಡಬೇಡಿರಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಿಂದ ಪುಕ್ಕಟೆ ಇದೆ, ಅಕ್ಷರ ಕಲಿತ ಒಬ್ಬ ಮಗಳು ಸಾಕು. ಆದರೆ ಆರ್ಡರ್ ಕೊಟ್ಟವರ ನಂಬರನ್ನೆಲ್ಲ ಕೇಳದೆ ಗ್ರೂಪಿಗೆ ಸೇರಿಸಿ ಹಗಲೆಲ್ಲ 'ಶುಭೋದಯ' ಕಳಿಸುವ ಚಟ ಬೇಡ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹುಮನಾಬಾದ್ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೊಂಡವರು ಹಣ್ಣಿನ ಫೋಟೊ ಹಾಕಿ ಮೆಚ್ಚಿ ಬರೆಯುತ್ತಾರೆ. ಬರೆದದ್ದು ಯಾರಿಗೆ ಮುಟ್ಟಬೇಕು? ಗೊನೆಗೆ ಹೆಸರಿಲ್ಲ, ವಿಳಾಸವಿಲ್ಲ. ತೊಗರಿ ಬೇಳೆಯದು ಇನ್ನೂ ದೊಡ್ಡ ಪ್ರಶ್ನೆ. 2019ರಲ್ಲಿ ನಮ್ಮ ತೊಗರಿಗೂ ಆ ಗುರುತು ಸಿಕ್ಕಿತು. ಸುಣ್ಣದಂಶವಿರುವ ಈ ನೆಲದಲ್ಲಿ ಬೆಳೆದ ಬೇಳೆ ಬೇಗ ಕುದಿಯುತ್ತದೆ, ರುಚಿ ಬೇರೆ ಎಂಬುದು ಅದರ ಹೆಗ್ಗಳಿಕೆ. ಇಲ್ಲೇ ಕಚೇರಿ ಇರುವ ತೊಗರಿ ಅಭಿವೃದ್ಧಿ ಮಂಡಳಿ 'ಭೀಮಾ ಪಲ್ಸ್' ಹೆಸರಿನಲ್ಲಿ ಬೇಳೆ ಮಾರುತ್ತದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಒಬ್ಬರು "ಕಲಬುರಗಿ ಬೇಳೆ ಅಂತ ತಂದೆ, ಕುದಿಯಲಿಲ್ಲ" ಎಂದು ಬರೆದರೆ ಅದು ನಮ್ಮ ಬೇಳೆಯೋ, ನಮ್ಮ ಹೆಸರಿನಲ್ಲಿ ಮಾರಿದ ಇನ್ಯಾವುದೋ ಬೇಳೆಯೋ? ಆ ಒಂದು ಸಾಲಿನ ದೂರು ಕಲಬೆರಕೆ ಹಿಡಿಯಲು ಸಿಕ್ಕ ಸುಳಿವು. ಯಾವ ಚೀಲ, ಯಾವ ಮಿಲ್ಲು, ಯಾವ ಅಂಗಡಿ ಎಂದು ಮರುಪ್ರಶ್ನೆ ಕೇಳುವವರು ಬೇಕು. ಬಜಾರದ ಸಾವಕಾರ ಕೇಳುವ ಪ್ರಶ್ನೆಯೂ ಅದೇ.

ಬಾಯಿ ಮುಚ್ಚಿಸುವ ದಾರಿ ಹಿಡಿದವರ ಗತಿಯನ್ನೂ ನೋಡಬೇಕು. 2023ರ ಏಪ್ರಿಲಿನಲ್ಲಿ ಬೋರ್ನ್‌ವಿಟಾದಲ್ಲಿ ಸಕ್ಕರೆ ಬಹಳ ಇದೆ ಎಂದು ಒಬ್ಬ ಯುವಕ ವಿಡಿಯೊ ಮಾಡಿದ. ಕಂಪನಿಯಿಂದ ವಕೀಲರ ನೋಟಿಸು ಹೋಯಿತು, ಹುಡುಗ ವಿಡಿಯೊ ತೆಗೆದುಹಾಕಿದ. ಅಷ್ಟರಲ್ಲಿ ಕೋಟಿಗೂ ಮಿಕ್ಕಿ ಜನ ಅದನ್ನು ನೋಡಿಯಾಗಿತ್ತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಕಂಪನಿಗೇ ನೋಟಿಸು ಕೊಟ್ಟಿತು. ಅದೇ ವರ್ಷದ ಕೊನೆಗೆ ಬೋರ್ನ್‌ವಿಟಾದಲ್ಲಿ ಸೇರಿಸುವ ಸಕ್ಕರೆ ಸುಮಾರು 14 ಪ್ರತಿಶತ ಕಡಿಮೆಯಾಯಿತು. ಏಪ್ರಿಲಿನಲ್ಲೇ ಸಕ್ಕರೆ ಇಳಿಸುವ ಮಾತಾಡಿದ್ದರೆ ವಕೀಲರ ಫೀಜಾದರೂ ಉಳಿಯುತ್ತಿತ್ತು.

ಕಾನೂನಿನ ಮಾತು ಎರಡೇ. ಆನ್‌ಲೈನ್ ಮಾರಾಟದ 2020ರ ನಿಯಮಗಳ ಪ್ರಕಾರ ದೂರು ಮುಟ್ಟಿದ್ದನ್ನು 48 ತಾಸಿನೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಣ ಪಡೆದು ರೀಲ್ಸ್‌ನಲ್ಲಿ ಹೊಗಳುವವರು ಅದು ಜಾಹೀರಾತು ಎಂದು ಹೇಳಲೇಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಇದನ್ನು ಬರೆದಿಟ್ಟಿವೆ. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಮೊದಲ ಸಲ ಹತ್ತು ಲಕ್ಷದವರೆಗೂ ಇದೆ. ಊರಿನ ಹೋಟೆಲು, ಬಟ್ಟೆ ಅಂಗಡಿಗಳಿಗಾಗಿ ರೀಲ್ಸ್ ಮಾಡುವ ನಮ್ಮ ಹುಡುಗರಿಗೆ ಇದು ತಿಳಿದಿರಲಿ. ಕೊಂಡವರಿಗೆ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹೊಸ ತೊಗರಿ ಡಿಸೆಂಬರ್, ಜನವರಿಗೆ ಗಂಜಿಗೆ ಬರುತ್ತದೆ. ಅಷ್ಟರೊಳಗೆ ದಾಲ್ ಮಿಲ್ ಮಾಲೀಕರು, ತೊಗರಿ ಮಂಡಳಿಯವರು, ರೊಟ್ಟಿ ಸಂಘದವರು, ಕಮಲಾಪುರದ ಬಾಳೆ ಬೆಳೆಗಾರರು ಒಟ್ಟಿಗೆ ಕೂತು ಒಂದು ಕೆಲಸ ಮಾಡಿರೆಂದು ಕೇಳಿಕೊಳ್ಳುತ್ತೇನೆ. ಪ್ರತಿ ಪೊಟ್ಟಣದ ಮೇಲೆ ಕನ್ನಡದಲ್ಲಿ ಒಂದು ವಾಟ್ಸಾಪ್ ನಂಬರ್ ಅಚ್ಚು ಹಾಕಿಸಿರಿ. ಆ ನಂಬರಿನ ಹಿಂದೆ ಮಾಲು ವಾಪಸು ಪಡೆಯುವ, ಮಿಲ್ಲಿಗೆ ಫೋನು ಮಾಡಿ ಗದರಿಸುವ ಅಧಿಕಾರವುಳ್ಳ ಒಬ್ಬರನ್ನು ಕೂರಿಸಿರಿ. ಆ ಒಬ್ಬರು ನಮ್ಮ ಊರಿನ ಮಾತು ಬಲ್ಲವರಾಗಿರಲಿ.